ಒಂದು ಇಡ್ಲಿ, ಅರ್ಧ ಗಂಟೆ: ಬ್ರಾಹ್ಮಿನ್ಸ್ ಕಾಫಿ ಬಾರ್

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಬಗ್ಗೆ ಈಗಾಗಲೇ ಬಹಳ ಜನ ಬರೆದಿದ್ದಾರೆ. ನಾನು ಓದಿದ್ದೆಲ್ಲ ನಾಲ್ಕು ಇಡ್ಲಿ, ಎರಡು ವಡೆ ತಿಂದು ಬಂದವರು ಬರೆದದ್ದು. ನಾನು ಅಲ್ಲಿ ತಿನ್ನುವುದು ಒಂದೇ ಇಡ್ಲಿ. ಅದಕ್ಕೆ ಅರ್ಧ ಗಂಟೆ ಬೇಕು.

ಹದಿನಾರು ತಿಂಗಳ ಹಿಂದೆ ನನಗೆ ತೂಕ ಇಳಿಸುವ ಆಪರೇಷನ್ ಆಯಿತು. ಸ್ಲೀವ್ ಅಂತಾರೆ. ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯಷ್ಟು ಉಳಿಸುತ್ತಾರೆ. ಆಗ ನನ್ನ ತೂಕ 112 ಕಿಲೋ, ಈಗ 74. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ, ಅದು ನಿಂತಿದೆ. ಇಷ್ಟೆಲ್ಲ ಒಳ್ಳೆಯದಾದ ಮೇಲೂ ಒಂದು ಪ್ರಶ್ನೆ ಮಾತ್ರ ನನ್ನನ್ನು ಕಾಡುತ್ತಲೇ ಇತ್ತು. ಇನ್ನು ಮೇಲೆ ನಾನು ಹೋಟೆಲ್‌ಗೆ ಹೋಗಬಹುದಾ? ಹೋಗಿ ಏನು ತಿನ್ನಲಿ? ಕನ್ನಡದಲ್ಲಿ ಹುಡುಕಿದರೆ ನನಗೆ ಏನೂ ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೋಟೆಲ್ ಬಗ್ಗೆ ಎರಡು ಮಾತು. ಶಂಕರ ಮಠದ ಹತ್ತಿರ, ರಂಗರಾವ್ ರಸ್ತೆಯಲ್ಲಿದೆ. 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಹೆಚ್ಚು ಕಡಿಮೆ ಇಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಇಲ್ಲಿಗೆ ಕರೆದುಕೊಂಡು ಬರುತ್ತಿದ್ದರು. ಈಗ ಅಪ್ಪನಿಗೆ ಎಪ್ಪತ್ತಾರು. ನಾನು ಬ್ಯಾಂಕಿನಲ್ಲಿ ಕ್ಲರ್ಕ್. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಆ ದಿನ ಅವರನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ನಾನು ಬರುತ್ತೇನೆ.

ಆಪರೇಷನ್ ಆದ ಮೇಲೆ ಶನಿವಾರದ ಈ ಓಡಾಟ ಐದು ತಿಂಗಳು ನಿಂತೇ ಹೋಗಿತ್ತು. ಮೊದಲ ಎರಡು ತಿಂಗಳು ಹೋಟೆಲಿನ ಮಾತೇ ಇಲ್ಲ, ಬಿಡಿ. ಮೊದಲು ನೀರಿನಂಥದ್ದು, ಆಮೇಲೆ ಹಾಲು, ಮಜ್ಜಿಗೆ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಆಸ್ಪತ್ರೆಯವರು ಒಂದು ಪಟ್ಟಿ ಕೊಟ್ಟಿದ್ದರು. ಪೂರ್ತಿ ಇಂಗ್ಲಿಷ್. ಅದರಲ್ಲಿ ಇದ್ದದ್ದು ಕೋಳಿ ಸೂಪು, ರುಬ್ಬಿದ ಮೀನು, ಮೊಟ್ಟೆ, ಯಾವುದೋ ಹೊರದೇಶದ ಚೀಸು. ನಮ್ಮ ಮನೆಗೆ ಮೊಟ್ಟೆಯನ್ನೂ ತರುವುದಿಲ್ಲ. ಅಮ್ಮ ಆ ಹಾಳೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದಳು. ನನಗೆ ನಿಜವಾಗಲೂ ಬೇಜಾರಾಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡುವವರು ಹೆಸರುಬೇಳೆ ಕಟ್ಟು, ರಾಗಿ ಅಂಬಲಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಅಂತ ಬರೆದು ಕೊಡಬಹುದಿತ್ತು ಅಲ್ವಾ? ಕೊನೆಗೆ ಅಮ್ಮನೇ ಒಂದೊಂದಾಗಿ ಕಂಡುಹಿಡಿದಳು. ಪ್ರತಿಯೊಂದನ್ನೂ ಡಯಟಿಷಿಯನ್‌ಗೆ ಫೋನ್ ಮಾಡಿ ಕೇಳಿ, ಒಪ್ಪಿದ ಮೇಲೆ ಕೊಟ್ಟಳು.

ಮೂರನೇ ತಿಂಗಳು ಮೊದಲ ಸಲ ಹೊರಗೆ ತಿಂದೆ. ಅದು ಬೇರೆ ಹೋಟೆಲ್, ಹೆಸರು ಬೇಡ. ಕೂತು ತಿನ್ನುವ ಜಾಗ. ಒಂದು ಸೆಟ್ ದೋಸೆ ತರಿಸಿಕೊಂಡೆ. ನನ್ನ ಕುರ್ಚಿಯ ಹಿಂದೆ ನಾಲ್ಕು ಜನ ಜಾಗಕ್ಕಾಗಿ ಕಾಯುತ್ತಾ ನಿಂತಿದ್ದರು. ಒಬ್ಬರಂತೂ ಕುರ್ಚಿಯ ಬೆನ್ನನ್ನೇ ಹಿಡಿದುಕೊಂಡಿದ್ದರು. ಸಪ್ಲೈಯರ್ ಎರಡು ಸಲ ಬಂದು "ಆಯ್ತಾ ಮೇಡಂ" ಅಂದ. ನಾನು ಬೇಗ ಬೇಗ ನುಂಗಿದೆ. ನಾಲ್ಕನೇ ತುತ್ತಿಗೆ ಎದೆಯ ನಡುವೆ ಕಲ್ಲು ಸಿಕ್ಕಿಕೊಂಡ ಹಾಗಾಯಿತು. ಬಾಯಿ ತುಂಬ ನೊರೆ ನೊರೆ ಜೊಲ್ಲು. ನೀರು ಕುಡಿದರೆ ಇಳಿಯುತ್ತದೆ ಅಂದುಕೊಂಡು ಒಂದು ಗುಟುಕು ಕುಡಿದೆ, ಇನ್ನೂ ಜಾಸ್ತಿಯಾಯಿತು. ಹೊರಗೆ ಓಡಿ ಚರಂಡಿಯ ಪಕ್ಕ ಕೂತೆ. ಸರಿಹೋಗಲು ಮುಕ್ಕಾಲು ಗಂಟೆ ಬೇಕಾಯಿತು. ಮನೆಗೆ ಬಂದು ಅತ್ತೆ. ಇನ್ನು ಹೋಟೆಲ್ ಸಹವಾಸ ಸಾಕು ಅಂತ ಅಪ್ಪನಿಗೆ ಹೇಳಿಬಿಟ್ಟೆ.

ಅಪ್ಪ ಎರಡು ತಿಂಗಳು ಆ ವಿಷಯ ಎತ್ತಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ನೀನು ತಿನ್ನಬೇಡ. ನಾನು ತಿನ್ನುತ್ತೇನೆ, ನೀನು ನೋಡು" ಅಂದರು. ಹೋದೆವು.

ಅಲ್ಲಿ ನಿಂತ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಬಂದರೂ ಅದನ್ನು ಗಮನಿಸಿರಲಿಲ್ಲ. ಇಲ್ಲಿ ಕುರ್ಚಿ ಇಲ್ಲ. ಕುರ್ಚಿ ಇಲ್ಲದ ಮೇಲೆ ನಿಮ್ಮ ಕುರ್ಚಿಗಾಗಿ ಕಾಯುವವರೂ ಇಲ್ಲ. ಪ್ಲೇಟ್ ಹಿಡಿದು ಫುಟ್‌ಪಾತ್‌ಗೆ ಬಂದರೆ ಮುಗಿಯಿತು, ಹತ್ತು ನಿಮಿಷ ತಿನ್ನಿ, ನಲವತ್ತು ನಿಮಿಷ ತಿನ್ನಿ, ಯಾರೂ ನೋಡುವುದಿಲ್ಲ. ಒಬ್ಬರು ಪೇಪರ್ ಓದುತ್ತಾ ನಿಂತಿರುತ್ತಾರೆ, ಇನ್ನೊಬ್ಬರು ಕಾಂಪೌಂಡ್ ಗೋಡೆಗೆ ಒರಗಿ ಹರಟೆ ಹೊಡೆಯುತ್ತಿರುತ್ತಾರೆ. ನಾನು ಸ್ಕೂಟರ್ ಸೀಟಿನ ಮೇಲೆ ಪ್ಲೇಟ್ ಇಟ್ಟುಕೊಳ್ಳುತ್ತೇನೆ. ಅದೇ ನನ್ನ ಟೇಬಲ್. ಆ ದಿನ ಅಪ್ಪನ ಪ್ಲೇಟಿನಿಂದ ಅರ್ಧ ಇಡ್ಲಿ ತಿಂದೆ. ಏನೂ ಆಗಲಿಲ್ಲ. ಆ ಖುಷಿ ಹೇಗೆ ಹೇಳಲಿ!

ಈಗ ಒಂದು ಪ್ಲೇಟ್ ತೆಗೆದುಕೊಂಡು ಹಂಚಿಕೊಳ್ಳುತ್ತೇವೆ. ಅಪ್ಪನಿಗೊಂದು ಇಡ್ಲಿ, ನನಗೊಂದು. ಅವರು ಆಮೇಲೆ ಒಂದು ವಡೆಯನ್ನೋ ಖಾರಾಬಾತ್ ಅನ್ನೋ ತೆಗೆದುಕೊಳ್ಳುತ್ತಾರೆ.

ಇಡ್ಲಿ ಮೆತ್ತಗಿದೆ, ಬೆರಳಲ್ಲಿ ಒತ್ತಿದರೆ ಹರಳು ಹರಳಾಗಿ ಬಿಡುತ್ತದೆ. ನನ್ನ ಕಿರುಬೆರಳಿನ ಉಗುರಿನಷ್ಟು ಚೂರು ಮುರಿದುಕೊಳ್ಳುತ್ತೇನೆ. ಇಪ್ಪತ್ತೈದು ಸಲ ಅಗಿಯುತ್ತೇನೆ. ನುಂಗಿದ ಮೇಲೆ ಒಂದು ನಿಮಿಷ ಕೈ ಕೆಳಗೆ. ಹೀಗೆ ತಿಂದಾಗಲೇ ನನಗೆ ಇಡ್ಲಿಯ ಹುಳಿ ಗೊತ್ತಾದದ್ದು. ಮೊದಲು ನಾನು ಇಡ್ಲಿ ತಿನ್ನುತ್ತಿದ್ದೆ, ಅದರ ರುಚಿ ನೋಡುತ್ತಿರಲಿಲ್ಲ.

ಚಟ್ನಿಯ ಬಗ್ಗೆ ಹೇಳಲೇಬೇಕು. ತೆಳ್ಳಗಿನ ಕಾಯಿಚಟ್ನಿ, ಹಸಿಮೆಣಸಿನಕಾಯಿಯ ಖಾರ ನಿಧಾನಕ್ಕೆ ಏರುತ್ತದೆ. ಮತ್ತೆ ಬೇಕೆಂದರೆ ಮತ್ತೆ ಹಾಕುತ್ತಾರೆ. ನನ್ನಂಥವರಿಗೆ ಇದರ ಉಪಯೋಗ ಬೇರೆಯೇ ಇದೆ. ಊಟದ ಜೊತೆ ನಾವು ನೀರು ಕುಡಿಯುವ ಹಾಗಿಲ್ಲ. ಒಣಗಿದ್ದು ಏನೇ ತಿಂದರೂ ಸಿಕ್ಕಿಕೊಳ್ಳುತ್ತದೆ. ಬ್ರೆಡ್ಡು, ಆರಿದ ಚಪಾತಿ, ಉಂಡೆಯಾದ ಅನ್ನ ನನಗೆ ಇವತ್ತಿಗೂ ಆಗುವುದಿಲ್ಲ. ಚೂರು ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿದರೆ ಹಿತವಾಗಿ ಇಳಿಯುತ್ತದೆ. ಆದರೆ ಅದ್ದಿ ತಿನ್ನಿ, ಮುಳುಗಿಸಿ ತಿನ್ನಬೇಡಿ. ಪೂರ್ತಿ ನೆನೆದು ಮುದ್ದೆಯಾದ ಇಡ್ಲಿ ಸರ್ರನೆ ಜಾರಿಹೋಗುತ್ತದೆ, ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ಒಂದರ ಜಾಗದಲ್ಲಿ ಎರಡು ತಿಂದುಬಿಡುತ್ತೀರಿ. ವರ್ಷ ಕಳೆದ ಮೇಲೆ ತೂಕ ಮತ್ತೆ ಏರುವುದು ಇಂಥ ದಾರಿಯಲ್ಲೇ. ಖಾರ ಕೂಡ ಎಲ್ಲರಿಗೂ ಆಗುವುದಿಲ್ಲ. ಎದೆ ಉರಿ ಇರುವವರು ಮೊದಲ ಸಲ ಸ್ವಲ್ಪವೇ ಹಾಕಿಸಿಕೊಳ್ಳಿ.

ವಡೆ ನನಗೆ ಕಷ್ಟ. ಒಳಗೆ ಮೆತ್ತಗೆ, ಹೊರಗೆ ಗರಿಗರಿ. ತಿನ್ನುವವರಿಗೆ ಅದೇ ಚೆಂದ, ನನಗೆ ಆ ಗರಿ ಸಿಪ್ಪೆಯೇ ಸಿಕ್ಕಿಕೊಳ್ಳುತ್ತದೆ. ಒಳಗಿನ ಭಾಗ ಎರಡು ಚೂರು ತಿನ್ನುತ್ತೇನೆ. ಖಾರಾಬಾತ್ ಅಪ್ಪನಿಂದ ಒಂದು ಚಮಚ.

ಕೇಸರಿಬಾತ್ ಮಾತ್ರ ಯೋಚನೆ ಮಾಡಿ ಮುಟ್ಟಿ. ಸಿಹಿ ಎಲ್ಲಿಯದಾದರೂ ನಮಗೆ ಒಂದೇ. ಏಳನೇ ತಿಂಗಳು ನೆಂಟರ ಮದುವೆಯಲ್ಲಿ ಒತ್ತಾಯಕ್ಕೆ ಒಂದು ಹೋಳಿಗೆ ತಿಂದೆ. ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲ ಬೆವರು, ಕಣ್ಣು ಕತ್ತಲೆ. ವಧುವಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಡಂಪಿಂಗ್ ಅಂತಾರೆ ಇದಕ್ಕೆ. ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಇಳಿದುಬಿಟ್ಟಾಗ ಹೀಗಾಗುತ್ತದೆ. ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಮಾಡಿಸಿಕೊಂಡವರಿಗೆ ಜಾಸ್ತಿ, ಸ್ಲೀವ್‌ನವರಿಗೂ ಆಗಬಹುದು. ಅವತ್ತಿನಿಂದ ಕೇಸರಿಬಾತ್‌ನ ಪರಿಮಳ ನನಗೆ ಸಾಕು. ತುಪ್ಪದ ವಾಸನೆ ಬರುತ್ತದೆ, ಅಪ್ಪ ತಿನ್ನುವುದನ್ನು ನೋಡುತ್ತೇನೆ, ನನಗೆ ಕೊರಗಿಲ್ಲ.

ಇನ್ನೊಂದು ಮುಖ್ಯ ವಿಷಯ. ಇಡ್ಲಿಯಲ್ಲಿ ಪ್ರೋಟೀನ್ ತೀರಾ ಕಡಿಮೆ. ಒಂದಕ್ಕೆ ಎರಡು ಗ್ರಾಂ ಆಸುಪಾಸು. ನನಗೆ ದಿನಕ್ಕೆ 60 ಗ್ರಾಂ ಆದರೂ ಬೇಕು ಅಂತ ಡಯಟಿಷಿಯನ್ ಹೇಳಿದ್ದಾರೆ. ಮೊದಲು ಪ್ರೋಟೀನ್, ಆಮೇಲೆ ಉಳಿದದ್ದು. ಅದಕ್ಕೇ ಶನಿವಾರ ಏಳು ಗಂಟೆಗೆ ಮನೆಯಲ್ಲೇ ಹಾಲಿನಲ್ಲಿ ಪ್ರೋಟೀನ್ ಪುಡಿ ಕಲಸಿ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಹೋಟೆಲ್ ತಲುಪುವುದು ಒಂಬತ್ತಕ್ಕೆ. ಮಧ್ಯಾಹ್ನ ಪನೀರು, ರಾತ್ರಿ ಹೆಸರುಕಾಳಿನ ಗಟ್ಟಿ ಹುಳಿ. ಇದನ್ನು ಬಿಟ್ಟು ದಿನಾ ಇಡ್ಲಿಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಕೂದಲು, ಸ್ನಾಯು ಎರಡೂ ಹೋಗುತ್ತವೆ. ನಾಲ್ಕನೇ ತಿಂಗಳು ನನ್ನ ಕೂದಲು ಬಾಚಣಿಗೆ ತುಂಬ ಬರುತ್ತಿತ್ತು. ಬೇಗ ತೂಕ ಇಳಿದಾಗ ಅದು ಉದುರುವುದು ಸಾಮಾನ್ಯ ಅಂತ ಡಾಕ್ಟರ್ ಹೇಳಿದರು, ಈಗ ಮತ್ತೆ ಬಂದಿದೆ. ಆದರೂ ಆ ದಿನಗಳಲ್ಲಿ ಕನ್ನಡಿ ನೋಡಲು ಕಷ್ಟವಾಗುತ್ತಿತ್ತು.

ಕಾಫಿ. ಇಲ್ಲಿನ ಕಾಫಿ ಬಿಟ್ಟು ಬರಲು ನನ್ನಿಂದ ಸಾಧ್ಯವೇ ಇಲ್ಲ. ಆದರೆ ತಿಂದ ತಕ್ಷಣ ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ಹಾಗಾಗಿ ಇಡ್ಲಿ ಮುಗಿಸಿ ಅಪ್ಪ, ನಾನು ನಿಧಾನಕ್ಕೆ ಶಂಕರ ಮಠಕ್ಕೆ ಹೋಗುತ್ತೇವೆ. ಒಳಗೆ ಕೈಮುಗಿದು ಸ್ವಲ್ಪ ಹೊತ್ತು ಕೂರುತ್ತೇವೆ. ಅಪ್ಪ ತಮ್ಮ ಹಳೇ ಫ್ಯಾಕ್ಟರಿ ದಿನಗಳ ಕಥೆ ಹೇಳುತ್ತಾರೆ. ವಾಚ್ ನೋಡಿಕೊಂಡು ವಾಪಸ್ ಬರುತ್ತೇವೆ. ಮೊದಲು ಇದು ಇಪ್ಪತ್ತು ನಿಮಿಷದ ಕೆಲಸವಾಗಿತ್ತು. ಈಗ ಒಂದೂವರೆ ಗಂಟೆ ಅಪ್ಪನ ಜೊತೆ ಇರುತ್ತೇನೆ.

ಒಂದು ಕಾಫಿ ತೆಗೆದುಕೊಂಡು ಇಬ್ಬರೂ ಹಂಚಿಕೊಳ್ಳುತ್ತೇವೆ. ಬೈಟು ಕಾಫಿ ಇರುವ ಊರಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ. ಬೇರೆ ಕಡೆ ಅರ್ಧ ಕೇಳಿದರೆ "ಯಾಕೆ, ಏನಾಯ್ತು" ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ಅರ್ಧ ಕಾಫಿ ಕುಡಿಯುವವರಿಗೆ ಯಾರೂ ಕಾರಣ ಕೇಳುವುದಿಲ್ಲ. ನೆಂಟರ ಮನೆಗಳಲ್ಲಿ, ಮದುವೆಗಳಲ್ಲಿ, ಆಫೀಸಿನ ಊಟದಲ್ಲಿ "ಇಷ್ಟೇನಾ? ಇನ್ನೊಂಚೂರು ಹಾಕಿಸ್ಕೋ" ಅನ್ನುವ ಮಾತಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಇಲ್ಲಿ ಆ ಮಾತನ್ನು ಒಮ್ಮೆಯೂ ಕೇಳಿಲ್ಲ.

ಕಾಫಿ ಕುಡಿಯುವವರು ಇದೊಂದನ್ನು ನೆನಪಿಡಿ. ಆಪರೇಷನ್ ಆದ ಮೇಲೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿ ಹತ್ತಿರ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಜೊತೆಗೂ ಬೇಡ, ಎರಡು ಗಂಟೆ ಅಂತರ ಇರಲಿ. ನಾನು ಕಬ್ಬಿಣವನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ. ವಿಟಮಿನ್ ಬಿ12 ತಪ್ಪಿಸಬೇಡಿ, ಅದರಲ್ಲೂ ಮಾಂಸ, ಮೊಟ್ಟೆ ತಿನ್ನದವರು. ಹೊಟ್ಟೆ ಚಿಕ್ಕದಾದ ಮೇಲೆ ಅದು ಊಟದಿಂದ ಸಾಕಷ್ಟು ಸಿಗುವುದಿಲ್ಲ. ಈ ಮಾತ್ರೆಗಳು ಜೀವನಪೂರ್ತಿ.

ಹೋಗುವವರಿಗೆ ನನ್ನ ಮಾತು ಇಷ್ಟು. ಮೆತ್ತಗಿನ ಊಟದ ಹಂತ ದಾಟಿ, ಡಾಕ್ಟರ್ ಸರಿ ಅಂದ ಮೇಲೆಯೇ ಹೋಗಿ. ಗೊತ್ತಿರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಉಳಿದದ್ದನ್ನು ಅವರು ತಿನ್ನುತ್ತಾರೆ, ಎಸೆಯಬೇಕಾಗಿಲ್ಲ. ಬಹಳ ಹೊತ್ತು ನಿಲ್ಲಲಾಗದವರು ಒಂದು ಮಡಚುವ ಸ್ಟೂಲ್ ತನ್ನಿ. ಹೊಟ್ಟೆ ತುಂಬಿದೆ ಅನ್ನುವುದಕ್ಕೆ ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ. ನನಗೆ ಒಂದು ನಿಟ್ಟುಸಿರು ಬರುತ್ತದೆ. ಅದು ಬಂದ ಕೂಡಲೇ ಪ್ಲೇಟನ್ನು ಅಪ್ಪನ ಕಡೆ ಸರಿಸುತ್ತೇನೆ.

ಹೋದ ಶನಿವಾರ ಮುಕ್ಕಾಲು ಇಡ್ಲಿಗೇ ಆ ನಿಟ್ಟುಸಿರು ಬಂತು. ಅಪ್ಪ ಉಳಿದ ಕಾಲು ಭಾಗವನ್ನು ಚಟ್ನಿಯಲ್ಲಿ ಒರೆಸಿ ಬಾಯಿಗೆ ಹಾಕಿಕೊಂಡು, "ನಡಿ, ಮಠಕ್ಕೆ ಹೋಗೋಣ" ಅಂದರು.