‘ಸ್ಕ್ರಾಚ್ ಸೂಪರಾಗಿ ಬರುತ್ತೆ’ ಅಂದ್ರೆ ನಂಬಬೇಡಿ

ಮನೆಯಲ್ಲೇ ರೆಕಾರ್ಡ್ ಮಾಡಿದ ರ‍್ಯಾಪ್ ಹಾಡಿನ ನಡುವೆ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಸ್ಕ್ರಾಚ್, ಅಂದ್ರೆ ರೆಕಾರ್ಡನ್ನ ಹಿಂದೆ ಮುಂದೆ ಎಳೆದು ಹೊರಡಿಸೋ ಸದ್ದು, ಹಾಕೋಣ ಅಂತ ಹತ್ತು ಸಾವಿರದೊಳಗಿನ ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪಿನ ಡಿಜೆ ಸಾಫ್ಟ್‌ವೇರನ್ನ ಕೈಯಿಂದ ನಡೆಸೋ ಪೆಟ್ಟಿಗೆ) ಹುಡುಕ್ತಾ ಇದ್ದೀರಾ? ದುಡ್ಡು ಕೊಡೋ ಮೊದಲು ಇದನ್ನ ಓದಿ.

ಅಂಗಡಿಯಲ್ಲಿ ನನಗೆ ಡೆಮೊ ಕೊಟ್ಟ ಹುಡುಗ ಒಂದು ಕೈಯಲ್ಲಿ ಜಾಗ್ ವೀಲನ್ನ (ರೆಕಾರ್ಡಿನ ಬದಲಿಗೆ ಇರೋ ಚಕ್ರ) ಹಿಂದೆ ಮುಂದೆ ಆಡಿಸಿದ. ಸ್ಪೀಕರಲ್ಲಿ ‘ವಿಕಿ ವಿಕಿ’ ಅಂತ ಬಂತು. ‘ನೋಡಿ ಸಾರ್, ಸ್ಕ್ರಾಚ್ ಸೂಪರಾಗಿ ಬರುತ್ತೆ.’ ಅಷ್ಟು ಎಂಥ ಅಗ್ಗದ ಕಂಟ್ರೋಲರಲ್ಲೂ ಬರುತ್ತೆ. ಸ್ಕ್ರಾಚ್ ಎರಡು ಕೈ ಕೆಲಸ: ಒಂದು ಕೈ ದನಿಯನ್ನ ಎಳೆದಾಡುತ್ತೆ, ಇನ್ನೊಂದು ಕೈ ಕ್ರಾಸ್‌ಫೇಡರಲ್ಲಿ (ಒಂದು ಬದಿಯ ಹಾಡಿಂದ ಇನ್ನೊಂದು ಬದಿಯ ಹಾಡಿಗೆ ದನಿ ಬದಲಿಸೋ ಜಾರುಗುಂಡಿ) ಅದನ್ನ ಕತ್ತರಿಸುತ್ತೆ. ಆ ಇನ್ನೊಂದು ಕೈ ಹುಡುಗನ ಜೇಬಲ್ಲಿತ್ತು.

ನಿಜವಾದ ತೊಂದರೆ ಇರೋದೇ ಆ ಫೇಡರಲ್ಲಿ. ಅಂಚಿಂದ ಒಂದೆರಡು ಮಿಲಿಮೀಟರ್ ಸರಿಸಿದ್ರೆ ದನಿ ಪೂರ್ತಿ ತೆರೀಬೇಕು, ಹಾಗಿದ್ರೇನೇ ಚುರುಕಾದ ಕಟ್ ಸಾಧ್ಯ. ನಾನು ಕೊಂಡಿದ್ದರಲ್ಲಿ ಅರ್ಧ ದಾರಿ ಹೋದ್ಮೇಲೆ ದನಿ ಮೆಲ್ಲಗೆ ಏಳ್ತಿತ್ತು. ಪಾರ್ಟಿಯಲ್ಲಿ ಹಾಡಿಗೆ ಹಾಡು ಬೆಸೆಯೋಕೆ ಅದು ಚೆನ್ನ, ಸ್ಕ್ರಾಚಿಗಲ್ಲ. ಕರ್ವ್ (ಫೇಡರ್ ಎಷ್ಟು ಸರಿದ್ರೆ ದನಿ ಎಷ್ಟು ಏಳಬೇಕು ಅನ್ನೋದು) ಬದಲಿಸೋ ಸೆಟ್ಟಿಂಗ್ ಜೊತೆಗೆ ಬಂದ ಉಚಿತ ಸಾಫ್ಟ್‌ವೇರಲ್ಲಿ ಇರಲಿಲ್ಲ, ರೆಕಾರ್ಡ್ ಬಟನ್ನೂ ಇರಲಿಲ್ಲ. ಎರಡಕ್ಕೂ ಬೇರೆ ದುಡ್ಡು! ಮಿಕ್ಸ್ (Mixxx) ಅನ್ನೋ ಮುಕ್ತ ತಂತ್ರಾಂಶದಲ್ಲಿ ಎರಡೂ ಪುಕ್ಕಟೆ. ನಿಮ್ಮ ಮಾಡೆಲ್‌ಗೆ ಅದರಲ್ಲಿ ಮ್ಯಾಪಿಂಗ್ (ಯಾವ ಗುಂಡಿ ಏನು ಮಾಡ್ಬೇಕು ಅಂತ ತಿಳಿಸೋ ಫೈಲ್) ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ. ಅಲ್ಲಿ ಕರ್ವ್ ಬಿಗಿ ಮಾಡಿದ್ಮೇಲೂ ನನ್ನ ಫೇಡರಿನ ಅಂಚಿನ ಸತ್ತ ಜಾಗ (ಸರಿಸಿದ್ರೂ ದನಿ ಬದಲಾಗದ ಜಾಗ) ಹೋಗಲಿಲ್ಲ. ಅದು ಬಿಡಿಭಾಗದ ದೋಷ, ಸಾಫ್ಟ್‌ವೇರ್ ಏನು ಮಾಡೀತು?

ಜಾಗ್ ವೀಲ್ ಕಥೆ ಬೇರೆ. ಟೆಕ್ನಿಕ್ಸ್ ಎಸ್‌ಎಲ್-1200ರಂಥ (1972ರ ಯಂತ್ರ, ಡಿಜೆಗಳು ಇವತ್ತಿಗೂ ಬಿಟ್ಟಿಲ್ಲ) ಟರ್ನ್‌ಟೇಬಲಲ್ಲಿ ತಟ್ಟೆ ತಿರುಗ್ತಲೇ ಇರುತ್ತೆ, ಕೈ ಬಿಟ್ಟ ಕೂಡಲೇ ರೆಕಾರ್ಡ್ ಅದರ ಜೊತೆ ಓಡುತ್ತೆ. ಅಗ್ಗದ ಕಂಟ್ರೋಲರಲ್ಲಿ ಮೋಟರ್ ಇಲ್ಲ. ಬೆರಳು ಎತ್ತಿದ್ದನ್ನ ಟಚ್ ಸೆನ್ಸರ್ ತಿಳಿಸ್ಬೇಕು. ನನ್ನದು ಒಮ್ಮೆ ತಕ್ಷಣ ತಿಳಿಸೋದು, ಇನ್ನೊಮ್ಮೆ ತಡವಾಗಿ.

ಇದರ ಮೇಲೆ ಲೇಟೆನ್ಸಿ, ಅಂದ್ರೆ ಕೈ ಆಡಿಸಿದ್ಮೇಲೆ ಸದ್ದು ಬರೋಕೆ ಆಗೋ ತಡ. 44.1 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟು ಕಳಿಸೋ ದನಿಯ ಕಂತು) ಅಂದ್ರೇನೇ ಸುಮಾರು 23 ಮಿಲಿಸೆಕೆಂಡ್ ತಡ. 256ಕ್ಕೆ ಇಳಿಸಿದ್ರೆ 6ರೊಳಗೆ ಬರುತ್ತೆ, ಆದ್ರೆ ನನ್ನ ಹಳೇ ಲ್ಯಾಪ್‌ಟಾಪಲ್ಲಿ ಪಟಪಟ ಸದ್ದು ಶುರು. ಒಂದೇ ಸಮನಾದ ತಡವನ್ನ ರೆಕಾರ್ಡ್ ಆದ್ಮೇಲೆ ಟ್ರ್ಯಾಕ್ ಎಳೆದು ಸರಿ ಮಾಡ್ಬಹುದು. ಸೆನ್ಸರಿನ ತಡ ಪ್ರತಿ ಸಲ ಬೇರೆ, ಅದನ್ನ ಎಳೆಯೋದು ಎಲ್ಲಿಗೆ?

ಕೊನೆಗೆ ಗೊತ್ತಾಗಿದ್ದು, ಇದರಲ್ಲಿ ಸೌಂಡ್ ಕಾರ್ಡೇ ಇಲ್ಲ. ಹೆಡ್‌ಫೋನ್ ಜ್ಯಾಕ್ ಇಲ್ಲ, ಔಟ್‌ಪುಟ್ ಇಲ್ಲ, ಬರೀ ಯುಎಸ್‌ಬಿ ತಂತಿ. ವಾಪಸ್ ಒಯ್ದ್ರೆ ‘ಸೀಲ್ ಒಡೆದಿದೆ ಸಾರ್, ಆಗಲ್ಲ’ ಅಂದ್ರು.

ಬರೀ ನಾಲ್ಕು ಬಾರ್ ಬೇಕಿದ್ರೆ ಈ ಪೆಟ್ಟಿಗೆಯೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಟರ್ನ್‌ಟೇಬಲ್ ಇರೋ ಡಿಜೆಗೆ ನಿಮ್ಮ ಟ್ರ್ಯಾಕ್, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಬೇಕಾದ ದನಿತುಣುಕು ಕಳಿಸಿ, ಬರೀ ಸ್ಕ್ರಾಚನ್ನ ಪ್ರತ್ಯೇಕ ವೇವ್ ಫೈಲಾಗಿ ಕೇಳಿ. ಕೊಳ್ಳಲೇಬೇಕು ಅನ್ನೋರು ಸೌಂಡ್ ಕಾರ್ಡ್ ಇರೋದನ್ನ, ಫೇಡರ್ ಬಿಡಿಯಾಗಿ ಸಿಗೋದನ್ನ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದ್ರೆ ಒಂದು ಡೆಕ್ಕಲ್ಲಿ (ಒಂದು ಬದಿಯ ಪ್ಲೇಯರಲ್ಲಿ) ಹಾಡು ಜೋರಾಗಿ ಬಿಟ್ಟು, ಕ್ರಾಸ್‌ಫೇಡರನ್ನ ಪೂರ್ತಿ ಇನ್ನೊಂದು ಬದಿಗೆ ತಳ್ಳಿ ಮಾಸ್ಟರ್ ಔಟ್‌ಪುಟ್ ಕೇಳಿ. ಆಗಲೂ ಹಾಡು ಸಣ್ಣಗೆ ಸೋರ್ತಿದ್ರೆ ಆ ಫೇಡರ್ ಸವೆದಿರಬಹುದು, ಚೌಕಾಸಿಗೂ ನಿಲ್ಲಬೇಡಿ.