ಕಲರ್ ರೀಲನ್ನು ಡಿ-76ರಲ್ಲಿ ತೊಳೆದು ಕೆಟ್ಟೆ, ಬ್ಲಿಕ್ಸ್ ಹಾಕಿ ಇನ್ನೂ ಕೆಟ್ಟೆ

ಕೈಯಲ್ಲಿ ಕಲರ್ ರೀಲು, ಮನೆಯಲ್ಲಿ ಕಪ್ಪು-ಬಿಳುಪಿನ ಕೆಮಿಕಲ್ಲು, ಒಂದು ಕೈ ನೋಡೇಬಿಡೋಣ ಅನ್ನಿಸುತ್ತಿದೆಯಾ? ಸ್ವಲ್ಪ ತಾಳಿ. ನಾನೂ ಹಾಗೇ ಅಂದುಕೊಂಡು ನಮ್ಮೂರ ತೇರಿನ 36 ಫೋಟೋಗಳಲ್ಲಿ 6 ಪೂರ್ತಿ ಕಳೆದುಕೊಂಡೆ, ಉಳಿದ 30ರಲ್ಲಿ ಬಣ್ಣ ಕಳೆದುಕೊಂಡೆ.

ರೀಲು ಕೊಡಾಕ್ ಗೋಲ್ಡ್ 200. ಲ್ಯಾಬಿಗೆ ಕೊರಿಯರ್ ಮಾಡಿ ಕಾಯುವ ತಾಳ್ಮೆ ಇರಲಿಲ್ಲ. ಬಚ್ಚಲುಮನೆಯಲ್ಲಿ ಡಿ-76 ಇತ್ತು, ಅಂದರೆ ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್, ಅದರಲ್ಲೂ ಚಿತ್ರ ಬರುತ್ತದೆ ಅಂತ ಕೇಳಿದ್ದೆ. ಬರುತ್ತದೆ, ಅದೇನೂ ಸುಳ್ಳಲ್ಲ. ಕಲರ್ ಫಿಲ್ಮಿನಲ್ಲೂ ಬೆಳಕು ಹಿಡಿಯುವುದು ಬೆಳ್ಳಿಯ ಲವಣವೇ. ಬಣ್ಣ ಹುಟ್ಟುವುದು ಆಮೇಲೆ, ಸಿ-41 (ಕಲರ್ ನೆಗೆಟಿವ್ ತೊಳೆಯುವ ವಿಧಾನ) ಡೆವಲಪರ್ 38 ಡಿಗ್ರಿಯಲ್ಲಿ ಕೆಲಸ ಮಾಡಿ, ಫಿಲ್ಮಿನೊಳಗೇ ಇರುವ ಕಪ್ಲರ್ ಅನ್ನುವ ಬಣ್ಣ ಕಟ್ಟುವ ರಾಸಾಯನಿಕದ ಜೊತೆ ಸೇರಿದಾಗ. ಡಿ-76ಕ್ಕೆ ಅದು ಆಗುವುದಿಲ್ಲ. ಬರೀ ಬೆಳ್ಳಿಯ ಚಿತ್ರ ಬರುತ್ತದೆ.

ಏಪ್ರಿಲ್ ಬಿಸಿಲು, ನಲ್ಲಿ ನೀರೇ 29 ಡಿಗ್ರಿ. ಐಸ್ ಹಾಕಿ 20ಕ್ಕೆ ಇಳಿಸಿ 10 ನಿಮಿಷ ಅಲ್ಲಾಡಿಸಿದೆ, ಫಿಕ್ಸರ್ ಹಾಕಿದೆ, ತೊಳೆದೆ. ಟ್ಯಾಂಕ್ ತೆಗೆದರೆ ಫಿಲ್ಮು ಬೆಲ್ಲದ ಪಾಕದ ಬಣ್ಣ! ಟ್ಯೂಬ್‌ಲೈಟಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ತೇರು ಕಾಣುತ್ತಿತ್ತು. ಕಲರ್ ನೆಗೆಟಿವ್‌ಗೆ ಕಿತ್ತಳೆ ಮಾಸ್ಕ್ ಹೇಗೂ ಇರುತ್ತದೆ, ಅದರ ಮೇಲೆ ಒಳಗಿನ ಹಳದಿ ಫಿಲ್ಟರ್ ಪದರವೂ ಹಾಗೇ ಉಳಿದಿತ್ತು. ಅದೂ ಸಣ್ಣ ಬೆಳ್ಳಿಯೇ, ಬ್ಲೀಚ್ ಇಲ್ಲದೆ ಹೋಗುವುದಿಲ್ಲ. ಎನ್‌ಲಾರ್ಜರ್‌ನಲ್ಲಿ ಪ್ರಿಂಟ್ ಮಾಡಲು ಹೋದರೆ ಇನ್ನೊಂದು ಪಾಡು. ಕಪ್ಪು-ಬಿಳುಪಿನ ಪೇಪರ್ ನೋಡುವುದು ನೀಲಿ, ಹಸಿರು ಬೆಳಕನ್ನು, ಈ ಕಿತ್ತಳೆ ಅದನ್ನೇ ತಡೆಯುತ್ತದೆ. ನಿಮಿಷಗಟ್ಟಲೆ ಬೆಳಕು ಕೊಟ್ಟರೂ ಸಪ್ಪೆ ಬೂದು.

ಇಲ್ಲಿಗೆ ಬಿಟ್ಟಿದ್ದರೆ ಸ್ಕ್ಯಾನ್ ಮಾಡಿ ಹೇಗೋ ನಡೆಯುತ್ತಿತ್ತು. ನನಗೆ ಸುಮ್ನೆ ಇರಲಾಗಲಿಲ್ಲ. ಗೆಳೆಯನ ಹತ್ತಿರ ಸಿ-41 ಕಿಟ್ ಇತ್ತು, ಬ್ಲಿಕ್ಸ್ ಹಾಕಿದರೆ ಈ ಕಂದು ಕೊಳೆ ಹೋಗುತ್ತದೆ ಅಂತ ನನ್ನ ಲೆಕ್ಕ. ಆರು ಫ್ರೇಮಿನ ಒಂದು ತುಂಡು ಕತ್ತರಿಸಿ ಟ್ರೇಗೆ ಹಾಕಿದೆ. ಅದರಲ್ಲಿ ಅಜ್ಜಿ ತೇರಿಗೆ ಹಣ್ಣು-ಜವನ ಎಸೆಯಲು ಕೈ ಎತ್ತಿದ ಫೋಟೋ ಇತ್ತು. ಕಂದು ಹೋಗತೊಡಗಿತು, ‘ಆಹಾ’ ಅಂದೆ. ಆಮೇಲೆ ಅಜ್ಜಿಯ ಕೈ ಹೋಯಿತು. ತೇರು ಹೋಯಿತು. ಕೊನೆಗೆ ಅಂಚಿನ ಫ್ರೇಮ್ ನಂಬರ್ ಕೂಡ ಹೋಗಿ, ಬರೀ ಕಿತ್ತಳೆ ಪ್ಲಾಸ್ಟಿಕ್ ಪಟ್ಟಿ ಕೈಗೆ ಬಂತು.

ಬ್ಲಿಕ್ಸ್ ಅಂದರೆ ಬ್ಲೀಚ್, ಫಿಕ್ಸರ್ ಎರಡೂ ಒಂದರಲ್ಲೇ. ಬ್ಲೀಚ್ ಬೆಳ್ಳಿಯನ್ನು ಮತ್ತೆ ಲವಣ ಮಾಡುತ್ತದೆ, ಫಿಕ್ಸರ್ ಅದನ್ನು ಕರಗಿಸುತ್ತದೆ. ಸರಿಯಾಗಿ ಸಿ-41 ಆದ ಫಿಲ್ಮಿನಲ್ಲಿ ಅಷ್ಟು ಹೊತ್ತಿಗೆ ಬಣ್ಣ ಕೂತಿರುತ್ತದೆ, ಬೆಳ್ಳಿ ಹೋದರೂ ಚಿಂತೆಯಿಲ್ಲ. ನನ್ನದರಲ್ಲಿ ಇದ್ದದ್ದೇ ಬೆಳ್ಳಿ. ಹಾಗಾಗಿ ಒಮ್ಮೆ ಕಪ್ಪು-ಬಿಳುಪಿನಲ್ಲಿ ತೊಳೆದದ್ದನ್ನು ಲ್ಯಾಬಿಗೆ ಕೊಟ್ಟು ‘ಮತ್ತೆ ಕಲರ್ ಮಾಡಿ’ ಅಂತಲೂ ಕೇಳಬೇಡಿ, ಅಲ್ಲೂ ಇದೇ ಆಗುವುದು. ಫಿಕ್ಸರ್ ಸೇರದ ಬರೀ ಬ್ಲೀಚ್ ಹಾಕಿ, ಚೆನ್ನಾಗಿ ಬೆಳಕಿಗೆ ಹಿಡಿದು, ಆಮೇಲೆ ಕಲರ್ ಡೆವಲಪರ್‌ಗೆ ಹಾಕಿದರೆ ಬಣ್ಣ ಬರಿಸಬಹುದು, ಕಪ್ಲರ್ ಇನ್ನೂ ಫಿಲ್ಮಿನಲ್ಲೇ ಇರುತ್ತದಲ್ಲ. ಇದು ನನಗೆ ತಿಳಿದದ್ದು ತಡವಾಗಿ. ಉಳಿದ ಐದು ತುಂಡಿನ ಮೇಲೆ ಇನ್ನೂ ಧೈರ್ಯ ಬಂದಿಲ್ಲ, ಸ್ಕ್ಯಾನ್ ಮಾತ್ರ ಮಾಡಿಟ್ಟಿದ್ದೇನೆ.

ಹಳೇ ಪೆಟ್ಟಿಗೆಯಲ್ಲಿ ಕೊಡಾಕ್ರೋಮ್ (ಕೊಡಾಕ್‌ನ ಹಳೇ ಕಲರ್ ಸ್ಲೈಡ್ ಫಿಲ್ಮು) ಸಿಕ್ಕರೆ ಮಾತು ಬೇರೆ. ಅದನ್ನು ಕಲರಿನಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದದ್ದು, 2010ರ ಡಿಸೆಂಬರ್ ಆದಮೇಲೆ ರೀಲು ತೆಗೆದುಕೊಳ್ಳಲಿಲ್ಲ. ಅದಕ್ಕೆ ಕಪ್ಪು-ಬಿಳುಪೇ ಗತಿ. ಹೊಸ ರೀಲಿಗೆ ಆ ಗತಿ ಯಾಕೆ? ಆಡಲೇಬೇಕು ಅಂದರೆ ಬೀದಿ ನಾಯಿ, ಗೋಡೆ, ಗಿಡ ತೆಗೆದ ರೀಲಿನ ಮೇಲೆ ಆಡಿ.

ಅಜ್ಜಿ ಫೋನ್ ಮಾಡಿದಾಗೆಲ್ಲ ‘ನಂದು ತೆಗೆದ್ಯಲ್ಲ, ಬಂತೇನೋ?’ ಅಂತ ಕೇಳುತ್ತಾರೆ. ರೀಲು ಇನ್ನೂ ತೊಳೆಸಿಲ್ಲ ಅಂತ ಸುಳ್ಳು ಹೇಳುತ್ತಿದ್ದೇನೆ.