2,500 ರೂಪಾಯಿ ಬಾಕಿಗೆ 3,096 ರೂಪಾಯಿ ಬಡ್ಡಿ! ಕ್ರೆಡಿಟ್ ಕಾರ್ಡ್ ಇರುವವರು ದಯವಿಟ್ಟು ಓದಿ

ಬಾಕಿ ಇದ್ದದ್ದು 2,500. ಅದಕ್ಕೆ ಬಂದ ಬಡ್ಡಿ, ತೆರಿಗೆ ಸೇರಿ, 3,096. ಅಸಲಿಗಿಂತ ಬಡ್ಡಿ ಜಾಸ್ತಿ, ಅದೂ ಒಂದೇ ಬಿಲ್ಲಿನಲ್ಲಿ. ಟೈಪ್ ಮಾಡುವಾಗ ತಪ್ಪಿಲ್ಲ, ಮತ್ತೆ ಮತ್ತೆ ನೋಡಿ ಬರೆಯುತ್ತಿದ್ದೇನೆ.

ಡ್ಯೂ ಡೇಟ್ ದಾಟಿಸಿಲ್ಲ. ಚೆಕ್ ಬೌನ್ಸ್ ಆಗಿಲ್ಲ. ಲೇಟ್ ಫೀ ಬೀಳುವಂಥದ್ದು ಏನೂ ಮಾಡಿಲ್ಲ. ಆದರೂ ಹೀಗೆ.

ಫೆಬ್ರವರಿ 24ಕ್ಕೆ ದಾವಣಗೆರೆಯ ಪಿಬಿ ರೋಡಿನ ಅಂಗಡಿಯೊಂದರಲ್ಲಿ ಫ್ರಿಜ್ ತಗೊಂಡೆವು. ಬೆಲೆ 45,000. ಈ ಕಾರ್ಡ್ ಉಜ್ಜಿದರೆ 3,000 ಡಿಸ್ಕೌಂಟ್ ಅಂದರು. ನಮ್ಮೆಜಮಾನ್ರು ದುಡ್ಡು ಕೊಟ್ಟು ತಗೊಳ್ಳೋಣ ಅಂದರೂ ನಾನೇ ಕಾರ್ಡ್ ಕೊಟ್ಟೆ. ಮೂರು ಸಾವಿರ ಸುಮ್ನೆ ಯಾರು ಬಿಡ್ತಾರೆ ಹೇಳಿ? ಆ ತಿಂಗಳ ದಿನಸಿ, ಪೆಟ್ರೋಲು, ಅದು ಇದು ಸೇರಿ ಇನ್ನೊಂದು 8,500. ಮಾರ್ಚ್ 18ಕ್ಕೆ ಬಿಲ್ ಬಂತು, 50,500. ಕಟ್ಟಲು ಕೊನೆ ದಿನ ಏಪ್ರಿಲ್ 7. ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಕಟ್ಟಲೇಬೇಕಾದದ್ದು, 2,525 ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಏಪ್ರಿಲ್ 6ಕ್ಕೆ 48,000 ಕಟ್ಟಿದೆ. ಉಳಿದದ್ದು 2,500. ಅತ್ತೆಯವರ ಆಸ್ಪತ್ರೆ ಖರ್ಚು ಬಂದಿತ್ತು, ಮುಂದಿನ ತಿಂಗಳು ಕಟ್ಟಿದರಾಯಿತು ಅಂದುಕೊಂಡೆ. ಅವರು ಕೇಳಿದ ಮಿನಿಮಮ್‌ಗಿಂತ ಎಷ್ಟೋ ಪಟ್ಟು ಕಟ್ಟಿದ್ದೇನೆ. ಉಳಿದ ಎರಡೂವರೆ ಸಾವಿರಕ್ಕೆ ನೂರೋ ನೂರೈವತ್ತೋ ಬಡ್ಡಿ ಬೀಳುತ್ತೆ, ಬೀಳಲಿ. ಯಾರಾದರೂ ಹಾಗೇ ಯೋಚಿಸುತ್ತಾರೆ ಅಲ್ವಾ?

ಏಪ್ರಿಲ್ 18ರ ಬಿಲ್ ನೋಡಿ ತಲೆ ತಿರುಗಿತು. ಬಡ್ಡಿ 2,624. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 472. ಬಡ್ಡಿಗೂ ತೆರಿಗೆ! ಒಟ್ಟು 3,096. ಅಂಗಡಿಯಲ್ಲಿ ಉಳಿಸಿದ ಮೂರು ಸಾವಿರ ಹೋಯಿತು, ಮೇಲೆ 96 ರೂಪಾಯಿ ಕೈಯಿಂದ ಬಿತ್ತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡಕ್ಕೆ ಇಷ್ಟನೇ ನಂಬರ್ ಒತ್ತಿ ಅಂದಿತು, ಒತ್ತಿದೆ. ಎತ್ತಿದವರು ಹಿಂದಿ. ಕನ್ನಡದವರು ಸಿಗುವ ಹೊತ್ತಿಗೆ ನನ್ನ ಕೋಪ ನೆತ್ತಿಗೇರಿತ್ತು. ಪಾಪ ಆ ಹುಡುಗಿಯ ಮೇಲೆ ಕೂಗಾಡಿ ಏನು ಪ್ರಯೋಜನ, ಆದರೂ ಕೂಗಾಡಿದೆ.

"ಮೇಡಂ, ನೀವು ಫುಲ್ ಅಮೌಂಟ್ ಕಟ್ಟಿಲ್ಲ. ಅದಕ್ಕೇ ಇಂಟರೆಸ್ಟ್ ಫ್ರೀ ಪೀರಿಯಡ್, ಅಂದರೆ ಬಡ್ಡಿ ಇಲ್ಲದ ಗಡುವು, ಹೋಗಿದೆ."

"ಹೋದರೆ 2,500ಕ್ಕೆ ಹಾಕಿ. 48,000 ಕಟ್ಟಿದ್ದೀನಲ್ಲ, ಅದಕ್ಕೂ ಬಡ್ಡಿಯಾ?"

"ಹೌದು ಮೇಡಂ. ನೀವು ಪರ್ಚೇಸ್ ಮಾಡಿದ ದಿನದಿಂದ ಕಟ್ಟಿದ ದಿನದವರೆಗೆ."

ಪರ್ಚೇಸ್ ಮಾಡಿದ ದಿನದಿಂದ! ಡ್ಯೂ ಡೇಟ್‌ನಿಂದ ಅಲ್ಲ, ಬಿಲ್ ಬಂದ ದಿನದಿಂದಲೂ ಅಲ್ಲ. ಫ್ರಿಜ್ ಮನೆಗೆ ಬಂದ ಫೆಬ್ರವರಿ 24ರಿಂದ ಏಪ್ರಿಲ್ 6ರವರೆಗೆ 41 ದಿನ, ಪೂರ್ತಿ 42,000ಕ್ಕೆ. ದಿನಕ್ಕೆ 51 ರೂಪಾಯಿ ಚಿಲ್ಲರೆ. ಫ್ರಿಜ್ಜಿನದೇ 2,123 ಆಯಿತು. ಉಳಿದದ್ದರ ಬಡ್ಡಿ ಬೇರೆ. ಏಪ್ರಿಲ್ 18ರೊಳಗೆ ಹೊಸದಾಗಿ ತಗೊಂಡ 11,000 ಸಾಮಾನಿಗೂ ತಗೊಂಡ ದಿನದಿಂದಲೇ ಬಡ್ಡಿ. ಹಳೆ ಬಾಕಿ ಇದ್ದರೆ ಹೊಸ ಖರೀದಿಗೂ ಆ ನಲವತ್ತು ಐವತ್ತು ದಿನದ ಪುಕ್ಕಟೆ ಗಡುವು ಇಲ್ಲ. ಕಾರ್ಡ್ ಮಾರಲು ಮಾಲ್‌ನಲ್ಲಿ ನಿಂತಿರುವ ಹುಡುಗರು "ಐವತ್ತು ದಿನ ಬಡ್ಡಿ ಇಲ್ಲ" ಅಂತ ಹೇಳ್ತಾರಲ್ಲ, ಈ ಮಾತು ಯಾರಾದರೂ ಹೇಳಿದ್ದಾರಾ ನಿಮಗೆ? ನನಗಂತೂ ಹೇಳಿಲ್ಲ.

ಇನ್ನು ದರ. ನನ್ನ ಕಾರ್ಡಿಗೆ ತಿಂಗಳಿಗೆ 3.5 ಪರ್ಸೆಂಟ್ ಅಂತ ನೆನಪಿತ್ತು. ಈಗ 3.75. ಯಾವಾಗ ಏರಿಸಿದಿರಿ ಅಂದರೆ "ಜನವರಿಯಲ್ಲೇ ಮೇಲ್ ಹಾಕಿದ್ದೀವಿ ಮೇಡಂ" ಅಂದಳು. ಹುಡುಕಿದೆ. ಇತ್ತು! ಹೋಟೆಲ್ ಆಫರ್, ಸಿನಿಮಾ ಟಿಕೆಟ್ ಆಫರ್, ಪ್ರೀ ಅಪ್ರೂವ್ಡ್ ಲೋನ್ ಇವುಗಳ ಮಧ್ಯೆ ಒಂದು ಮೇಲ್. ತೆರೆದರೆ ಉದ್ದಕ್ಕೆ ಇಂಗ್ಲಿಷು, ಅದರ ಕೆಳಗೆಲ್ಲೋ ಈ ಸಾಲು. ಒಂದು ತಿಂಗಳು ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, ತಿಳಿಸಿದ್ದೀವಿ ಅಂತ ಅವರು ಕೈ ತೊಳೆದುಕೊಂಡರು. ಡಿಸ್ಕೌಂಟ್ ಹೇಳಲು ಫೋನ್ ಮಾಡುವವರು ಬಡ್ಡಿ ಏರಿಸಿದಾಗ ಮಾತ್ರ ಯಾಕೆ ಫೋನ್ ಮಾಡಲ್ಲ?

3.75 ಅಂದರೆ ಏನೋ ಸಣ್ಣದು ಅನ್ನಿಸುತ್ತೆ. ನಮ್ಮೂರ ಲೆಕ್ಕದಲ್ಲಿ ಹೇಳಿ ನೋಡಿ: ನೂರಕ್ಕೆ ಮೂರೂ ಮುಕ್ಕಾಲು ರೂಪಾಯಿ ಬಡ್ಡಿ. ವರ್ಷಕ್ಕೆ 45 ಪರ್ಸೆಂಟ್. ಓಣಿಯಲ್ಲಿ ಯಾರಾದರೂ ಇಷ್ಟಕ್ಕೆ ಸಾಲ ಕೊಟ್ಟರೆ ಮೀಟರ್ ಬಡ್ಡಿಯವನು ಅಂತ ಬೈಯುತ್ತೇವೆ. ಅತಿ ಬಡ್ಡಿ ತಡೆಯಲು ನಮ್ಮ ರಾಜ್ಯದಲ್ಲಿ 2004ರ ಕಾಯ್ದೆಯೇ ಇದೆ. ಅದೇ ಬಡ್ಡಿ ಎಸಿ ಹಾಕಿದ ಆಫೀಸಿನಿಂದ ಬಂದರೆ ಟರ್ಮ್ಸ್ ಅಂಡ್ ಕಂಡಿಷನ್ಸ್.

ನನಗೆ ಇನ್ನೂ ನಾಚಿಕೆ ಆಗುವುದು ಮುಂದಿನ ಮಾತಿಗೆ. 30 ಪರ್ಸೆಂಟ್‌ಗಿಂತ ಜಾಸ್ತಿ ಬಡ್ಡಿ ಹಾಕೋ ಹಾಗಿಲ್ಲ ಅಂತ ಎಲ್ಲೋ ಓದಿದ್ದೆ. ಬ್ರಾಂಚಿಗೇ ಹೋಗಿ ಜೋರಾಗಿ ಹೇಳಿದೆ, ನಾಲ್ಕು ಜನರ ಮುಂದೆ. ಅಲ್ಲಿನ ಆಫೀಸರು ನಗುತ್ತಾ, "ಮೇಡಂ, ಅದು ಹಳೇ ಕಥೆ" ಅಂದರು. ನಿಜವೇ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಆದೇಶ ಮಾಡಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಅದನ್ನು ರದ್ದು ಮಾಡಿದೆ. ಈಗ ಆ ಮಿತಿ ಇಲ್ಲ. ಹಳೆ ಬರಹಗಳು ಇನ್ನೂ ಓಡಾಡುತ್ತಿವೆ, ಅದನ್ನು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಆಮೇಲೆ ಆ ಆಫೀಸರು, "ಕಾರ್ಡ್ ಡಿವಿಷನ್ನೇ ಬೇರೆ, ನಮ್ಮ ಕೈಲಿ ಏನೂ ಇಲ್ಲ" ಅಂದರು. ಕಾರ್ಡ್ ಕೊಡುವಾಗ ಮಾತ್ರ ಇದೇ ಬ್ರಾಂಚಿನ ಕೈಲಿ ಎಲ್ಲಾ ಇತ್ತು.

ಮತ್ತೆ ಫೋನ್. ಈ ಸಲ ಒಬ್ಬ ಸೀನಿಯರ್. ಅವನ ಪರಿಹಾರ ಕೇಳಿ.

"ಮೇಡಂ, ಬಾಕಿನ ಇಎಂಐ ಮಾಡಿಸಿಕೊಳ್ಳಿ. ತಿಂಗಳಿಗೆ ಬರೀ ಒಂದೂವರೆ ಪರ್ಸೆಂಟ್. ಪ್ರೊಸೆಸಿಂಗ್ ಫೀ 199 ಪ್ಲಸ್ ಜಿಎಸ್‌ಟಿ."

ಬಡ್ಡಿ ಜಾಸ್ತಿ ಆಯಿತು ಅಂತ ದೂರು ಕೊಟ್ಟರೆ ಇನ್ನೊಂದು ಬಡ್ಡಿ ಮಾರುತ್ತಾನೆ! ಬೇಡ ಅಂದೆ. ಹಾಗಾದರೆ ಗುಡ್‌ವಿಲ್ ಅಂತ 500 ರಿವಾರ್ಡ್ ಪಾಯಿಂಟ್ ಹಾಕ್ತೀನಿ ಅಂದ. ಪಾಯಿಂಟಿಗೆ 25 ಪೈಸೆ, ಅಂದರೆ 125 ರೂಪಾಯಿ. ಅದನ್ನು ಬಿಡಿಸಿಕೊಳ್ಳಲು ರಿಡೆಂಪ್ಷನ್ ಫೀ 99, ಜಿಎಸ್‌ಟಿ ಸೇರಿ ಸುಮಾರು 117. ನನ್ನ ಮೂರು ಸಾವಿರಕ್ಕೆ ಅವರು ಕಟ್ಟಿದ ಬೆಲೆ ಎಂಟು ರೂಪಾಯಿ. ಇದನ್ನು ಅವನಿಗೇ ಲೆಕ್ಕ ಮಾಡಿ ಹೇಳಿದೆ. "ಬೇರೆ ಏನಾದರೂ ಸಹಾಯ ಬೇಕಾ ಮೇಡಂ?" ಅಂದ.

ಹಳೆ ಬಾಕಿ 2,500, ಬಡ್ಡಿ ತೆರಿಗೆ 3,096, ಹೊಸ ಖರೀದಿ 11,000, ಎಲ್ಲಾ ಸೇರಿ ಮೇ 5ಕ್ಕೆ ಪೂರ್ತಿ 16,596 ಕಟ್ಟಿದೆ. ಒಂದು ಪೈಸೆ ಬಿಟ್ಟಿಲ್ಲ. ಮುಗಿಯಿತು ಅಂದುಕೊಂಡರೆ ಮೇ 18ರ ಬಿಲ್ಲಿನಲ್ಲಿ ಮತ್ತೆ 387 ಬಡ್ಡಿ, ಜಿಎಸ್‌ಟಿ ಸೇರಿ 457! ಕೇಳಿದರೆ ಏಪ್ರಿಲ್ 18ರಿಂದ ನಾನು ಕಟ್ಟಿದ ದಿನದವರೆಗಿನ ಬಡ್ಡಿಯಂತೆ, ಜೊತೆಗೆ ಆ ನಡುವೆ ಉಜ್ಜಿದ್ದಕ್ಕೂ. ಒಮ್ಮೆ ಬಾಕಿ ಉಳಿಯಿತು ಅಂದರೆ ಮುಂದಿನ ಬಿಲ್ ಪೂರ್ತಿ ಕಟ್ಟಿದರೂ ಬಾಲ ಇರುತ್ತೆ, ಗೊತ್ತಿರಲಿ.

ಮಿನಿಮಮ್ ಡ್ಯೂ ಅನ್ನೋ ಅಂಕಿಯನ್ನು ನೋಡಲೇಬೇಡಿ. ಅದು ಕಟ್ಟಿದರೆ ಲೇಟ್ ಫೀ ತಪ್ಪುತ್ತೆ, ಬಡ್ಡಿ ತಪ್ಪಲ್ಲ. ಟೋಟಲ್ ಡ್ಯೂ ಮಾತ್ರ ನೋಡಿ. ಆಟೋ ಡೆಬಿಟ್ ಹಾಕಿದ್ದರೆ ಅದು ಟೋಟಲ್‌ಗೆ ಇದೆಯಾ ಮಿನಿಮಮ್‌ಗೆ ಇದೆಯಾ ಈಗಲೇ ಹೋಗಿ ನೋಡಿ, ನನ್ನ ತಂಗಿಯದು ಮಿನಿಮಮ್‌ಗೇ ಇತ್ತು. ಸ್ವಲ್ಪ ಕಮ್ಮಿ ಬೀಳುತ್ತೆ ಅಂದರೆ ಅಕ್ಕನ ಹತ್ತಿರವೋ ಭಾವನ ಹತ್ತಿರವೋ ಕೈಗಡ ತಗೊಂಡಾದರೂ ಪೂರ್ತಿ ಕಟ್ಟಿ. ನಾಚಿಕೆಪಟ್ಟುಕೊಂಡು ಕೇಳದೇ ಇದ್ದರೆ ನನ್ನ ಹಾಗೆ 3,096. ಕಾರ್ಡಿನಿಂದ ಎಟಿಎಂನಲ್ಲಿ ಕ್ಯಾಶ್ ತೆಗೆಯೋದಂತೂ ಬೇಡವೇ ಬೇಡ, ಅದಕ್ಕೆ ಫೀಸೂ ಇದೆ, ಬಡ್ಡಿಯೂ ಮೊದಲ ದಿನದಿಂದ.

ಕಾರ್ಡ್ ಕ್ಲೋಸ್ ಮಾಡಲು ಹೇಳಿದ್ದೇನೆ. ಬಾಕಿ ಇಲ್ಲದಿದ್ದರೆ ಕೇಳಿದ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಮಗೇ ಕೊಡಬೇಕು, ಇದು 2022ರಿಂದ ಇರುವ ರಿಸರ್ವ್ ಬ್ಯಾಂಕಿನ ನಿಯಮ. ಅದನ್ನು ಹೇಳಿದ ಮೇಲೇ ರಿಕ್ವೆಸ್ಟ್ ನಂಬರ್ ಕೊಟ್ಟರು. ಅಲ್ಲಿಯವರೆಗೆ "ಆನ್ಯುವಲ್ ಫೀ ಬಿಡ್ತೀವಿ, ಇಟ್ಕೊಳ್ಳಿ ಮೇಡಂ" ಅಂತ ಒಂದೇ ಹಾಡು. ಬಡ್ಡಿಯ ದೂರನ್ನು ಮೇಲ್‌ನಲ್ಲಿ ಹಾಕಿದ್ದೇನೆ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ನೀವೂ ಬರವಣಿಗೆಯಲ್ಲೇ ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ ಹತ್ತಿರ ಹೋಗಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ, ಸಹಾಯವಾಣಿ 14448. ಬಡ್ಡಿ ವಾಪಸ್ ಬರುತ್ತೆ ಅಂತ ನನಗೆ ದೊಡ್ಡ ಆಸೆ ಇಲ್ಲ. ಆದರೆ ಜನವರಿಯ ಆ ಮೇಲ್ ಹೇಗಿತ್ತು ಅಂತ ಪ್ರಿಂಟ್ ತೆಗೆದು ಜೊತೆಗಿಡುತ್ತೇನೆ, ಓದಲಿ ಅವರೂ.